ಹಳೆ ಫ್ರಿಜ್ಜಿನ ಶ್ರುತಿ

ಆ ರಾತ್ರಿ ಅಡುಗೆಮನೆಯ ಗುಂಯ್ ಸದ್ದಿಗೆ ನನಗೆ ಎಚ್ಚರವಾಯಿತು. ಅದು ನಮ್ಮ ಹಳೆ ಫ್ರಿಜ್ಜಿನ ಸದ್ದು. ಅದನ್ನು ಗುಜರಿಗೆ ಹಾಕಿ ಹತ್ತು ವರ್ಷವಾಗಿದೆ. ಚಿಕ್ಕಂದಿನಲ್ಲಿ ತಮ್ಮ ಆ ಸದ್ದಿಗೇ ಗಿಟಾರ್ ಶ್ರುತಿ ಮಾಡಿಕೊಳ್ಳುತ್ತಿದ್ದ. ಸರಿಯಾದ ಸ್ವರಕ್ಕಿಂತ ಆ ಶ್ರುತಿ ಕೊಂಚ ಇಳಿದಿತ್ತು. ಮುಂದೆ ಅವನನ್ನು ಕೇಳಲು ಕ್ರೀಡಾಂಗಣಗಳು ಕಿಕ್ಕಿರಿದಾಗಲೂ ಅವನು ಅದನ್ನು ಬಿಡಲಿಲ್ಲ. ಇಡೀ ರಾಕ್ ಬ್ಯಾಂಡೇ ಅವನಿಗಾಗಿ ಆ ಶ್ರುತಿಗೆ ಇಳಿಯಿತು.

ಎರಡು ತಿಂಗಳ ಹಿಂದೆ ಅವನು ತೀರಿಕೊಂಡ ಮೇಲೆ ಗಿಟಾರಿನ ತಂತಿಗಳನ್ನೆಲ್ಲ ಸಡಿಲಿಸಿ, ಪೆಟ್ಟಿಗೆಗೆ ಬೀಗ ಹಾಕಿದವಳು ನಾನೇ. ಕೀಲಿ ನನ್ನ ದಿಂಬಿನಡಿಯಲ್ಲಿತ್ತು.

ಬೆಳಿಗ್ಗೆ ಗಿಟಾರ್ ಒಯ್ಯಲು ಬಂದ ಬ್ಯಾಂಡಿನ ಡ್ರಮ್ಮರ್ ನನ್ನಿಂದ ಕೀಲಿ ಪಡೆದು ಪೆಟ್ಟಿಗೆ ತೆರೆದು ಮೀಟಿದ. "ಅಕ್ಕಾ, ಅವನ ಶ್ರುತೀಲೇ ಇದೆಯಲ್ಲಾ! ನಿಮಗೆ ಶ್ರುತಿ ಗಿರುತಿ ಗೊತ್ತಾಗಲ್ಲ ಅಂತ ರೇಗಿಸ್ತಿದ್ದ, ನೀವೇ ಮಾಡಿದ್ರಾ?"

ತಂತಿ ಮುಟ್ಟಿದೆ. ಬೆಚ್ಚಗಿತ್ತು.

ಒಳಗೆ ಅಮ್ಮ ಎರಡು ತಿಂಗಳಲ್ಲಿ ಮೊದಲ ಸಲ ಗಾಢ ನಿದ್ದೆಯಲ್ಲಿದ್ದಳು. ರಾತ್ರಿಯ ಸದ್ದಿನ ವಿಷಯ ತಿಳಿದರೆ ಪ್ರತಿ ರಾತ್ರಿ ಅಡುಗೆಮನೆಯಲ್ಲಿ ಅವನಿಗಾಗಿ ಕಾದು ಕೂರುತ್ತಾಳೆ.

"ಈಗ ಕಲಿತಿದ್ದೀನಿ ಕಣೋ," ಎಂದೆ. ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದೆ.