ನವಿಲಿನೊಳಗೆ ಕೋಳಿ, ಕೋಳಿಯೊಳಗೆ ಗೌಜಲು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಕಂಚಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜ ದುಂದುಮಾರನಿಗೆ ತಿನ್ನುವುದೊಂದೇ ಕೆಲಸ. ಎದುರು ಮಾತಾಡಿದವರನ್ನು ಅವನ ಮಾಂತ್ರಿಕ ಕರಾಳಜಟಿ ಹಕ್ಕಿಗಳನ್ನಾಗಿ ಮಾಡಿಬಿಡುತ್ತಿದ್ದ. ವರ್ಷದ ಹಬ್ಬಕ್ಕೆ ಗೌಜಲಹಕ್ಕಿಯನ್ನು ಕೋಳಿಯ ಹೊಟ್ಟೆಗೆ ತುಂಬಿ, ಕೋಳಿಯನ್ನು ನವಿಲಿನ ಹೊಟ್ಟೆಗೆ ತುಂಬಿ, ಮೂರರ ಹೊಟ್ಟೆಯನ್ನೂ ಹೊಲಿದು ಕೆಂಡದ ಮೇಲೆ ಸುಡಬೇಕು. ಸುಡುವವಳು ಅರಮನೆಯ ಅಡುಗೆಯವಳು ಈರಕ್ಕ.

ಮೊದಲ ವರ್ಷ ಹೊಲಿದು ಮುಗಿಸುವಾಗ ಕೊಯ್ದ ಕೋಳಿ ಬಾಯಿಬಿಟ್ಟಿತು. "ಈರಕ್ಕಾ, ನಾನು ಬಡಗಿ ಮಾದಣ್ಣ. ಹೊಲಿದ ಕೈಯೇ ಹೊಲಿಗೆ ಬಿಚ್ಚಿದರೆ ಮತ್ತೆ ಮನುಷ್ಯರಾಗ್ತೀವಿ. ಬಿಚ್ಚಕ್ಕಾ!"

ಹಾಕಿದ ಹೊಲಿಗೆ ಬಿಚ್ಚಿದರೆ ಅಡುಗೆಯವಳ ಮಾನ ಹೋದಂತೆ, ಅದು ಆ ಅಡುಗೆಮನೆಯ ಕಟ್ಟಳೆ. "ನನ್ನ ಹೊಟ್ಟೆಪಾಡು ನನಗೆ, ಮಾದಣ್ಣ" ಅಂದು ಈರಕ್ಕ ಮೆಣಸು ಜಾಸ್ತಿ ಮೆತ್ತಿದಳು.

ಎರಡನೆಯ ವರ್ಷ ನವಿಲು ಕೂಗಿತು. "ನಾನು ಕಣೇ, ಪಕ್ಕದ ಮನೆ ಸಾಕವ್ವ!" ಈರಕ್ಕ ಅತ್ತಳು. ಅಳುತ್ತಲೇ ಸುಟ್ಟಳು. ಅತ್ತು ಏನು ಬಂತು, ಸುಡುಗಾಡು!

ಮೂರನೆಯ ವರ್ಷ. ಸಾಕವ್ವ ಎಲ್ಲಿ ಅಂತ ಕೇಳಲು ಅರಮನೆಗೆ ಹೋದ ಈರಕ್ಕನ ಮಗಳು ಕೆಂಚಿ ಎರಡು ದಿನವಾದರೂ ಬಂದಿರಲಿಲ್ಲ. "ಬರ್ತಾಳೆ ಬಿಡು, ಹಬ್ಬ ಮುಗೀಲಿ" ಅಂದುಕೊಂಡ ಈರಕ್ಕ ಈ ಸಲ ಕಿವಿಗೆ ಅರಳೆ ತುರುಕಿಕೊಂಡೇ ಕೂತಳು. ಹೊಲಿದಳು, ಸುಟ್ಟಳು, ಹರಿವಾಣ ಹೊತ್ತು ರಾಜನ ಮುಂದಿಟ್ಟಳು. ರಾಜನ ಹೊಗಳಿಕೆ ಕೇಳಬೇಕಲ್ಲ, ಅರಳೆ ತೆಗೆದಳು.

ಎಲ್ಲಕ್ಕಿಂತ ಒಳಗಿನ ಹಕ್ಕಿ ಕೂಗಿತು: "ಅವ್ವಾ!"

ಅಯ್ಯೋ ಶಿವನೇ! ಈರಕ್ಕ ಹರಿವಾಣದ ಮೇಲೆ ಬಿದ್ದು ಮೂರೂ ಹೊಲಿಗೆ ಕಿತ್ತಳು. ನವಿಲು ಎದ್ದು ಕುಂಬಾರನಾಯಿತು, ಕೋಳಿ ಅವನ ಹೆಂಡತಿಯಾಯಿತು, ಗೌಜಲು ಕೆಂಚಿಯಾಗಿ ನಿಂತಿತು. ಮುರಿದ ಮಾಟ ಮಾಡಿದವರಿಗೇ ತಿರುಗಿತು. ರಾಜನೂ ಮಾಂತ್ರಿಕನೂ ಹುಂಜಗಳಾಗಿ ಊಟದ ಎಲೆಗಳ ಮೇಲೆ ಓಡಿದರು, ಅರಮನೆಯ ನಾಯಿಗಳು ಅವರನ್ನು ಹಿಡಿದವು. ಜನ ಕುಣಿದರು.

ಕೆಂಚಿ ಕುಣಿಯಲಿಲ್ಲ. "ಇಷ್ಟೇನಾ ಅವ್ವಾ? ಬಿಚ್ಚಿದರೆ ಸಾಕಿತ್ತಾ?"

"ಹೂಂ ಮಗಳೇ."

"ನಿನಗೆ ಮೊದಲೇ ಗೊತ್ತಿತ್ತಾ?"

ಈರಕ್ಕ ಕಿತ್ತ ದಾರದ ತುಂಡುಗಳನ್ನು ಹೆಕ್ಕತೊಡಗಿದಳು.

"ಸಾಕವ್ವನ ಮಕ್ಕಳು ಇನ್ನೂ ಬಾಗಿಲಲ್ಲಿ ಕೂತು ಕಾಯ್ತಿದ್ದಾರೆ. ನಾನು ಅವರ ಹತ್ತಿರ ಇರ್ತೀನಿ. ನೀನು ಆ ಕಡೆ ಬರಬೇಡ."

ಕಂಚಿನಕೋಟೆಯ ಜನ ಅಂದಿನಿಂದ ಸುಖವಾಗಿ ಬಾಳಿದರು. ಈರಕ್ಕನೂ ಬಾಳಿದಳು, ಬಹಳ ವರ್ಷ. ಮಗಳು ಪಕ್ಕದ ಮನೆಯಲ್ಲೇ ಇದ್ದಳು. ಅವ್ವಾ ಅಂತ ಮತ್ತೆ ಕರೆಯಲಿಲ್ಲ.