ಹೊಸ್ತಿಲು ದಾಟಿದ ಹಾಲು

ಎಲ್ಲರ ಹಾಲೂ ಕೆಟ್ಟಿತ್ತು. ಪುಟ್ಟಸಿದ್ದಿ ತಂದ ಹಾಲು ಮಾತ್ರ ನಿನ್ನೆ ಹೇಗಿತ್ತೋ ಹಾಗೇ ಇತ್ತು.

ಹನಗೋಡಿನ ಶಾಲೆಯಲ್ಲಿ ಮಹಾರಾಜರ ಪಟದ ಕೆಳಗೆ ಮೇಷ್ಟ್ರ ಮೇಜು. ಅದರ ಮೇಲೆ ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ಬಾಯಿಗೂ ಹತ್ತಿಯ ಬಿರಡೆ, ಒಂದೊಂದರ ಮೇಲೂ ಒಂದೊಂದು ಮನೆಯ ಹೆಸರಿನ ಚೀಟಿ. ಕೆಲವು ಕೊಳವೆಗಳಲ್ಲಿ ಹಾಲು ಗಟ್ಟಿ ಮೊಸರಾಗಿತ್ತು. ಕೆಲವುಗಳಲ್ಲಿ ಒಡೆದು, ಮೇಲೆ ತಿಳಿನೀರು, ಕೆಳಗೆ ಗಸಿ ನಿಂತಿತ್ತು. ಒಂದಂತೂ ಮೂಗು ಮುಚ್ಚಿಕೊಳ್ಳುವ ಹಾಗೆ ನಾರುತ್ತಿತ್ತು.

ಪುಟ್ಟಸಿದ್ದಿಗೆ ಒಳಗೊಳಗೇ ಹಿಗ್ಗು. ಕೆಟ್ಟರೆ ಅದು ಕೆಟ್ಟ ಹಾಲು, ಕೆಡದಿದ್ದರೆ ಒಳ್ಳೆಯ ಹಾಲು. ಹತ್ತು ವರ್ಷದ ಹುಡುಗಿಗೆ ಅಷ್ಟೂ ತಿಳಿಯುವುದಿಲ್ಲವೆ?

“ನೋಡ್ಲಾ, ನಮ್ಮ ಕೆಂದಿ ಹಾಲು ಎಂಗೆ ನಿಂತದೆ” ಎಂದು ಅವಳು ಪಕ್ಕದಲ್ಲಿದ್ದ ಚಿಕ್ಕಣ್ಣನ ಪಕ್ಕೆ ತಿವಿದಳು. ಕೆಂದಿ ಅವಳ ಮನೆಯ ಹಸು. ಚಿಕ್ಕಣ್ಣ ಅವಳ ಪಕ್ಕದ ಮನೆಯವನು.

ಅಷ್ಟರಲ್ಲಿ ರುಕ್ಮಿಣಮ್ಮನವರು ಆ ಕೊಳವೆಯನ್ನು ಎತ್ತಿ ವಾಲಿಸಿದರು. ಹಾಲು ನೀರಿನ ಹಾಗೆ ಒಂದು ಕಡೆಗೆ ಹರಿಯಿತು. ಅವರ ಹುಬ್ಬು ಗಂಟಿಕ್ಕಿತು.

ರುಕ್ಮಿಣಮ್ಮನವರು ಬೆಂಗಳೂರಿನಲ್ಲಿ ಹಾಲು, ಮೊಸರಿನ ಸಂಶೋಧನೆ ಮಾಡುವವರು. ಊರೂರಿನ ಹಾಲು ಕೂಡಿಸಿಕೊಂಡು ಹೋಗಲು ಬಂದಿದ್ದರು. ಬಸ್ಸಿನಿಂದ ಒಬ್ಬರೇ ಇಳಿದು, ಎರಡು ಪೆಟ್ಟಿಗೆ ಇಳಿಸಿಕೊಂಡು, ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಶಾಲೆಯೊಳಗೆ ನಡೆದಾಗ ಪುಟ್ಟಸಿದ್ದಿ ಬಾಯಿ ಬಿಟ್ಟುಕೊಂಡು ನೋಡಿದ್ದಳು. ಹೆಂಗಸರು ಹೀಗೂ ಇರಬಹುದು ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

“ಇದು ಯಾರ ಮನೇದು?”

“ನಮ್ದು ಅಮ್ಮಾವ್ರೇ.”

“ಕಾಯಿಸಿ ತಂದ್ಯಾ ಮರಿ?”

“ಊಂ. ಉಕ್ಕು ಬರೋ ಗಂಟ ಕಾಯ್ಸಿ, ಸೋಸಿ ಕೊಟ್ರು ನಮ್ಮಜ್ಜಿ.” ಪುಟ್ಟಸಿದ್ದಿಯ ದನಿಯಲ್ಲಿ ಇನ್ನೂ ಹಿಗ್ಗಿತ್ತು.

“ನಾನು ಹಸಿ ಹಾಲು ಕೇಳಿದ್ದೆನಲ್ಲಮ್ಮ” ಎಂದರು ರುಕ್ಮಿಣಮ್ಮನವರು.

“ಕೆಂದಿ ಫೇಲು ಕಣ್ಲೇ” ಎಂದ ಚಿಕ್ಕಣ್ಣ. ಮಕ್ಕಳೆಲ್ಲ ನಕ್ಕರು. ಪುಟ್ಟಸಿದ್ದಿಯ ಮುಖ ಬೆಂದ ಬದನೆಕಾಯಿಯಾಯಿತು.

ರುಕ್ಮಿಣಮ್ಮನವರು ನಗಲಿಲ್ಲ. “ನಿಮ್ಮಜ್ಜಿ ಮಾಡಿದ್ದು ತಪ್ಪಲ್ಲ. ಕುಡಿಯೋ ಹಾಲನ್ನ ಕಾಯಿಸಲೇಬೇಕು. ಆದರೆ ನಾನು ಹುಡುಕ್ತಾ ಇರೋದು ಹಾಲನ್ನಲ್ಲ, ಹಾಲಿನಲ್ಲಿರೋ ಜೀವಗಳನ್ನ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು. ಹಾಲನ್ನ ಹುಳಿ ಮಾಡೋರು ಅವರೇ. ಅವರಲ್ಲಿ ಒಳ್ಳೆಯವರೂ ಇದ್ದಾರೆ, ಪೋಲಿಗಳೂ ಇದ್ದಾರೆ. ಉಕ್ಕು ಬರಿಸಿದರೆ ಇಬ್ಬರೂ ಸಾಯ್ತಾರೆ” ಎಂದರು.

“ಒಳ್ಳೇರು ಯಾರು ಅಂತ ಎಂಗೆ ಗೊತ್ತಾಯ್ತದೆ?” ಎಂದು ಕೇಳಿದ ಚಿಕ್ಕಣ್ಣ.

“ಪರೀಕ್ಷೆ ಇಡ್ತೀನಿ. ನಮ್ಮ ಹೊಟ್ಟೇಲಿ ಎಂಥ ಹುಳಿ ಇದೆಯೋ ಅಂಥದೇ ಹುಳಿಯೊಳಗೆ ಮೊದಲು ಬಿಡ್ತೀನಿ. ಅದರಲ್ಲಿ ಬದುಕಿದರೆ ಪಿತ್ತರಸಕ್ಕೆ ಹಾಕ್ತೀನಿ. ಅದನ್ನೂ ದಾಟಿದರೆ, ಭೇದಿ ಬರಿಸೋ ಕ್ರಿಮಿಗಳ ಜೊತೆ ಕುಸ್ತಿ.”

“ನಮ್ಮ ಪರೀಕ್ಷೆಯೇ ವಾಸಿ ಕಣ್ರಪ್ಪ” ಎಂದರು ಕಂಠಪ್ಪ ಮೇಷ್ಟ್ರು. ಮಕ್ಕಳು ಮತ್ತೆ ನಕ್ಕರು. ಈ ಸಲ ಚಿಕ್ಕಣ್ಣ ನಗಲಿಲ್ಲ.

“ಕುಸ್ತೀಲಿ ಗೆದ್ರೆ?” ಎಂದ.

“ಗೆದ್ದರೆ, ಅಂಥವರನ್ನ ಬೆಳೆಸಿ ಮೊಸರು ಮಾಡಿ, ಭೇದಿಯಿಂದ ನರಳೋ ಕೂಸುಗಳಿಗೆ ಕೊಟ್ಟು ನೋಡಬಹುದು. ನೋಡಬಹುದು ಅಷ್ಟೇ. ಕೂಸು ಉಳಿಯುತ್ತೆ ಅಂತ ನಾನು ಈಗಲೇ ಹೇಳಲಾರೆ.”

ಚಿಕ್ಕಣ್ಣ ತಲೆ ತಗ್ಗಿಸಿ ಕಾಲ್ಬೆರಳಿನಿಂದ ನೆಲ ಕೆರೆದ. ಹೋದ ಮಳೆಗಾಲ ಊರಿಗೆ ಭೇದಿ ಬಂದಿತ್ತು. ಅವನ ಪುಟ್ಟ ತಂಗಿ ಅದರಲ್ಲಿ ಹೋಗಿಬಿಟ್ಟಳು. ಅದೇ ವಾರ ಪುಟ್ಟಸಿದ್ದಿಯ ತಮ್ಮ ಚಿಕ್ಕಮಾದುವೂ ಮಲಗಿದ್ದ. ಅಜ್ಜಿ ಅವನ ಬಾಯಿಗೆ ತೆಳ್ಳನೆಯ ಮಜ್ಜಿಗೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಲೇ ಇದ್ದಳು. ಅವನು ಎದ್ದು ಕೂತ. “ನಮ್ಮ ಕೂಸನ್ನ ಉಳಿಸಿದ್ದು ಕೆಂದಿ” ಎಂದು ಅಜ್ಜಿ ಈಗಲೂ ಹೇಳುತ್ತಾಳೆ. ನಿಜವಿರಬಹುದು, ಇಲ್ಲದೆಯೂ ಇರಬಹುದು. ಯಾರಿಗೆ ಗೊತ್ತು?

ಪೆಟ್ಟಿಗೆಯಲ್ಲಿ ಒಂದೊಂದು ಕೊಳವೆಗೂ ಒಂದೊಂದು ಗೂಡಿತ್ತು. ಎಲ್ಲ ತುಂಬಿ ಒಂದು ಮಾತ್ರ ಖಾಲಿ ಉಳಿದಿತ್ತು. ರುಕ್ಮಿಣಮ್ಮನವರು ಪುಟ್ಟಸಿದ್ದಿಯ ಕೈಗೆ ಬೇರೊಂದು ಕೊಳವೆ ಕೊಟ್ಟರು. “ಕರೆದ ತಕ್ಷಣ ಇದಕ್ಕೆ ತುಂಬು. ಬಾಯಿಗೆ ಕೈ ತಾಗಿಸಬೇಡ. ನಾಡಿದ್ದು ಬೆಳಗಿನ ಬಸ್ಸಿಗೆ ನಾನು ಹೊರಡ್ತೀನಿ. ಅಷ್ಟರೊಳಗೆ ಹುಳಿ ಬಂದರೆ ಕೆಂದಿಗೂ ಜಾಗ ಇದೆ.”

ಶಾಲೆ ಬಿಟ್ಟು ಬರುವಾಗ ಚಿಕ್ಕಣ್ಣ ಜೊತೆಗಿದ್ದ. ಮನೆ ಹತ್ತಿರ ಬಂದಾಗ, “ಎಂಗಾರ ಮಾಡಿ ತಗಬಾರ್ಲೇ. ನಮ್ಮನೇಲಿ ಹಸ ಇಲ್ಲ. ನಿಮ್ದು ಬೆಂಗ್ಳೂರಿಗೆ ಓದ್ರೆ ನಮ್ದೂ ಓದಂಗೆ” ಎಂದ.

ಆದರೆ ಮನೆಯಲ್ಲಿ ಅಜ್ಜಿ ಶಿವನಂಜಮ್ಮ ಇದ್ದಳಲ್ಲ.

“ಹಸಿ ಹಾಲು ಹೊಸ್ತಿಲು ದಾಟಬಾರದು ಕಣವ್ವ” ಎಂದಳು ಅಜ್ಜಿ. “ದಾಟುದ್ರೆ ಹಸೂನ ಕೆಚ್ಚಲು ಬತ್ತೋಯ್ತದೆ. ನಮ್ಮತ್ತೆ ಕಾಲದಿಂದ ಈ ಮನೇಲಿ ಯಾರೂ ದಾಟ್ಸಿಲ್ಲ. ಆವಮ್ಮ ಪಾಪ ದೂರದಿಂದ ಬಂದವ್ರೆ ಅಂತ ಕಾಯ್ಸಿ ಕೊಟ್ಟೆ. ಬೇಕಾದ್ರೆ ಇನ್ನೊಂದು ಚೊಂಬು ಕಾಯ್ಸಿ ಕೊಡ್ತೀನಿ, ತಗಂಡೋಗು.”

“ಕಾಯ್ಸಿದ್ರೆ ಎಲ್ಲ ಸತ್ತೋಯ್ತವಂತೆ ಅಜ್ಜಿ.”

“ಯಾರು ಸತ್ತೋಯ್ತಾರೆ ಹಾಲಲ್ಲಿ? ಬುಡು ಬುಡು.”

ಪುಟ್ಟಸಿದ್ದಿ ಅಪ್ಪ ಅಂಕಯ್ಯನ ಮುಖ ನೋಡಿದಳು. ಹೊಲದಲ್ಲಿ ಗೂಳಿಯ ಹಾಗೆ ಗುಟುರು ಹಾಕುವ ಅಪ್ಪ ಅಜ್ಜಿಯ ಎದುರು ಬಾಯಿ ಬಿಡುವವನಲ್ಲ. “ಅವ್ವ ಏಳಿದ್ಮೇಲೆ ಮುಗೀತು ಮಗಾ” ಎಂದು ಹಗ್ಗ ಹೊಸೆಯಲು ಕೂತ.

ಮಾರನೆಯ ಬೆಳಗ್ಗೆ ಅಪ್ಪ ಹಾಲು ಕರೆದು, ತಂಬಿಗೆಯನ್ನು ಮನೆಯೊಳಗೇ ಇದ್ದ ಕೊಟ್ಟಿಗೆಯ ಕಟ್ಟೆಯ ಮೇಲಿಟ್ಟು, ಹುಲ್ಲು ತರಲು ಹೋದ. ಅಜ್ಜಿ ಹಿತ್ತಲಿನಲ್ಲಿದ್ದಳು. ಪುಟ್ಟಸಿದ್ದಿ ಕೊಳವೆಗೆ ನೊರೆಹಾಲು ತುಂಬಿದಳು, ಬಿರಡೆ ಹಾಕಿದಳು, ಲಂಗದ ಮಡಿಕೆಯಲ್ಲಿ ಬಚ್ಚಿಟ್ಟು ಬಾಗಿಲಿಗೆ ಬಂದಳು.

ಹೊಸ್ತಿಲ ಮೇಲೆ ಎತ್ತಿದ ಕಾಲು ಹಾಗೇ ನಿಂತಿತು.

ಯಾರೂ ನೋಡುತ್ತಿರಲಿಲ್ಲ. ಹಿಂದೆ ಕೆಂದಿ ಕರುವನ್ನು ನೆಕ್ಕುವ ಸದ್ದು ಕೇಳುತ್ತಿತ್ತು. ಅಜ್ಜಿ ಹೇಳಿದ್ದು ನಿಜವಾಗಿಬಿಟ್ಟರೆ? ಕೆಂದಿಯ ಕೆಚ್ಚಲು ಬತ್ತಿಬಿಟ್ಟರೆ ಚಿಕ್ಕಮಾದುವಿಗೆ ಏನು ಕೊಡುವುದು? ನಿಜವಲ್ಲದಿದ್ದರೂ ಅಜ್ಜಿಯ ಮಾತನ್ನು ಕದ್ದು ದಾಟಿದ ಹಾಗಾಗುತ್ತದೆ. ಅವಳಿಗೆ ಅಳು ಬಂತು. ಒಳಗೆ ಹೋಗಲಾರದೆ, ಹೊರಗೆ ಹೋಗಲಾರದೆ ನಿಂತಳು.

“ಏನೇ ಇಂಗೆ ಕಂಬದಂಗೆ ನಿಂತ್ಕಂಡೆ?” ಅಜ್ಜಿ ಹಿಂದಿನಿಂದ ಬಂದು ಅವಳ ಕೈಗೆ ಮಜ್ಜಿಗೆಯ ಚೊಂಬು ಕೊಟ್ಟಳು. “ತಗ, ಚಿಕ್ಕಣ್ಣನ ಮನೆಗೆ ಕೊಟ್ಬಾ. ಕುಣ್ಕಂಡು ಓಗ್ಬ್ಯಾಡ. ದಿನಾ ಅರ್ಧ ಚೊಂಬು ಬೀದಿಗೆ ಕುಡಿಸ್ತೀಯ.”

ಚಿಕ್ಕಣ್ಣನ ತಂಗಿ ಹೋದಂದಿನಿಂದ ದಿನಾ ಅವರ ಮನೆಗೆ ಒಂದು ಚೊಂಬು ಮಜ್ಜಿಗೆ ಹೋಗುತ್ತಿತ್ತು. ಅಲ್ಲಿ ಅವನಿಗೆ ಒಬ್ಬ ಪುಟ್ಟ ತಮ್ಮನೂ ಇದ್ದ. ಪುಟ್ಟಸಿದ್ದಿ ಕೈಯಲ್ಲಿದ್ದ ಚೊಂಬನ್ನು ನೋಡಿದಳು. ಹೊಸ್ತಿಲು ನೋಡಿದಳು. ಮತ್ತೆ ಚೊಂಬು ನೋಡಿದಳು.

“ಅಜ್ಜಿ, ಮಜ್ಜಿಗೆ ಹೊಸ್ತಿಲು ದಾಟಬೋದಾ?”

“ದಾಟ್ದೆ ಏನು? ದಿನಾ ನೀನೇ ದಾಟಿಸ್ತಿಲ್ವಾ?”

“ಮೊಸರು?”

“ಅದೂ ದಾಟ್ತದೆ.”

“ಹಸಿ ಹಾಲು ಮನೇಲೇ ಇದ್ದು, ತಾನಾಗೇ ಹುಳಿ ಆಗಿ ಗಟ್ಟಿ ಆಯ್ತು ಅನ್ನು. ಆಗ ಅದು ಹಾಲಾ ಮೊಸರಾ?”

ಪುಟ್ಟಸಿದ್ದಿ ಲಂಗದ ಮಡಿಕೆಯಿಂದ ಕೊಳವೆ ತೆಗೆದು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಕೊಳವೆಯನ್ನು ನೋಡಿದಳು. ಮೊಮ್ಮಗಳ ಕಾಲು ಹೊಸ್ತಿಲಿನ ಒಳಗೇ ಇರುವುದನ್ನೂ ನೋಡಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. “ಅಯ್ಯೋ ನಿನ್ನ. ಇಸ್ಕೂಲಿಗೆ ಕಳಿಸಿದ್ರೆ ವಕೀಲಿಕೆ ಕಲ್ತು ಬಂದವಳೆ. ಆಯ್ತು, ಇಡು ಒಳಗೆ. ಹುಳಿ ಆದ್ರೆ ಓಗ್ಲಿ. ಆಗ್ದಿದ್ರೆ ಇಲ್ಲ.”

ಕೊಳವೆ ಅಡುಗೆಮನೆಯ ಗೂಡಿನಲ್ಲಿ ಕೂತಿತು. ಪುಟ್ಟಸಿದ್ದಿ ಶಾಲೆಗೆ ಹೋಗುವ ಮುಂಚೆ ನೋಡಿದಳು, ಬಂದ ಮೇಲೆ ನೋಡಿದಳು. ಸಂಜೆ ವಾಲಿಸಿದಾಗಲೂ ಹಾಲು ಹಾಲಾಗಿಯೇ ಹರಿಯಿತು. ಅವಳ ಮುಖ ಸಣ್ಣದಾಯಿತು. ಅಜ್ಜಿ ಕೊಳವೆಯನ್ನು ತೆಗೆದು, ತನ್ನ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ, ಒಲೆಯ ಪಕ್ಕ ಮೊಸರಿನ ಗಡಿಗೆಗೆ ಒರಗಿಸಿಟ್ಟಳು.

“ಬಿಸಿ ಜಾಸ್ತಿ ಆದ್ರೆ ಸತ್ತೋಯ್ತವಂತೆ ಅಜ್ಜಿ.”

“ಹಾಲಿಗೆ ಎಷ್ಟು ಬೆಚ್ಚಗೆ ಬೇಕು ಅಂತ ನಂಗೆ ಏಳ್ಕೊಡು ನೀನು” ಎಂದು ಅಜ್ಜಿ ಅವಳ ತಲೆಗೆ ಮೆಲ್ಲಗೆ ಮೊಟಕಿದಳು.

ಬೆಳಗ್ಗೆ ಎದ್ದವಳೇ ಒಲೆಯ ಹತ್ತಿರ ಓಡಿದಳು. ಬಟ್ಟೆ ಬಿಚ್ಚಿ ಕೊಳವೆಯನ್ನು ವಾಲಿಸಿದಳು. ಹಾಲು ಅಲುಗಲಿಲ್ಲ. ಇನ್ನಷ್ಟು ವಾಲಿಸಿದಳು. ಒಳಗೆ ಮೊಸರು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

ಅಜ್ಜಿಯೇ ಅವಳ ಜೊತೆ ಬಾಗಿಲಿನವರೆಗೆ ಬಂದಳು. “ಬಲಗಾಲಿಟ್ಟು ದಾಟು” ಎಂದಳು.

ಶಾಲೆಯ ಮುಂದೆ ಬಸ್ಸು ಬಂದು ನಿಂತಿತ್ತು. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಹೋದ ಮೇಲೆ ಆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕಂಡಕ್ಟರು ಹಿಂದೆ ನಿಂತು ಇದ್ದಿಲ ಒಲೆಯ ಚಕ್ರ ತಿರುಗಿಸಿ ಬೆಂಕಿಗೆ ಗಾಳಿ ಹಾಕುತ್ತಿದ್ದ. ಶಾಲೆಯೊಳಗೆ ರುಕ್ಮಿಣಮ್ಮನವರು ಪೆಟ್ಟಿಗೆಗೆ ಹುಲ್ಲು ತುಂಬುತ್ತಿದ್ದರು. ಚಿಕ್ಕಣ್ಣ ಬಾಗಿಲಲ್ಲೇ ಕಾಯುತ್ತಿದ್ದ.

“ತಂದ್ಯಾ?”

ಪುಟ್ಟಸಿದ್ದಿ ಏದುಸಿರು ಬಿಡುತ್ತ ಕೊಳವೆಯನ್ನು ಎತ್ತಿ ತೋರಿಸಿದಳು.

“ಬಸ್ಸಿನ ಬೆಂಕಿ ಹತ್ತೋ ಹೊತ್ತಿಗೆ ಒಂದು ಸಲ ನೋಡಿಬಿಡೋಣ” ಎಂದರು ರುಕ್ಮಿಣಮ್ಮನವರು. ತಂತಿಯ ತುದಿಯಲ್ಲಿ ಒಂದಿಷ್ಟೇ ಇಷ್ಟು ಮೊಸರು ತೆಗೆದು ಗಾಜಿನ ಪಟ್ಟಿಗೆ ಸವರಿದರು. ದೀಪದ ಮೇಲೆ ಒಣಗಿಸಿ, ನೀಲಿ ಬಣ್ಣ ಹಾಕಿ ತೊಳೆದರು. ಕಿಟಕಿಯ ಹತ್ತಿರ ಮೈಕ್ರೋಸ್ಕೋಪಿನ ಕನ್ನಡಿ ತಿರುಗಿಸಿ ಬೆಳಕು ಹಿಡಿದರು. ತಾವು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, “ಬಾ ಮರಿ” ಎಂದರು.

ಪುಟ್ಟಸಿದ್ದಿ ಕಣ್ಣಿಟ್ಟಳು. ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು. ಆ ಬೆಳಕಿನೊಳಗೆ ಅವರೆಲ್ಲ ಇದ್ದರು.

ನೀಲಿ ಮಣಿಗಳನ್ನು ಪೋಣಿಸಿದಂಥ ಸರಗಳು. ಉದ್ದ ಸರ, ಗಿಡ್ಡ ಸರ, ಸುತ್ತಿಕೊಂಡ ಸರ. ನಡುವೆ ಸಣ್ಣ ಸಣ್ಣ ಕಡ್ಡಿಗಳು. ಈ ತುದಿಯಿಂದ ಆ ತುದಿಯವರೆಗೆ ತುಂಬಿದ್ದವು. ಗಾಜಿನ ಪಟ್ಟಿಯನ್ನು ಅಮ್ಮಾವ್ರು ಕೂದಲೆಳೆಯಷ್ಟು ಸರಿಸಿದರು. ಅಲ್ಲಿಯೂ ಅಷ್ಟೇ. ಮತ್ತೆ ಸರಿಸಿದರು. ಅಲ್ಲಿಯೂ.

ಅವಳಿಗೆ ಉಸಿರು ಬಿಡಲು ಭಯವಾಯಿತು. ತಂತಿಯ ತುದಿಗೆ ಬಂದದ್ದೇ ಎಷ್ಟು? ಅಷ್ಟರಲ್ಲಿ ಇಷ್ಟು ಜನ.

“ಇವ್ರೆಲ್ಲ ನಿನ್ನೆ ಎಲ್ಲಿದ್ರು?”

“ನಿನ್ನೆ ಇದ್ದದ್ದು ಸ್ವಲ್ಪ. ನಿಮ್ಮ ಒಲೆ ಪಕ್ಕ ಒಬ್ಬರು ಇಬ್ಬರಾಗಿ, ಇಬ್ಬರು ನಾಲ್ವರಾಗಿ ರಾತ್ರಿಯೆಲ್ಲ ಬೆಳೆದರು.”

“ನಾವು ಮಲಗಿದ್ದಾಗ?”

“ನೀವೆಲ್ಲ ಮಲಗಿದ್ದಾಗ.”

ಚಿಕ್ಕಣ್ಣನೂ ನೋಡಿದ. ಕಣ್ಣು ತೆಗೆಯದೆಯೇ ಸಣ್ಣ ದನಿಯಲ್ಲಿ ಕೇಳಿದ, “ಇವು ನಮ್ಮ ತಂಗಿ ಹೊಟ್ಟೇಲಿ ಇದ್ದಿದ್ರೆ ಅವಳು ಉಳೀತಿದ್ಲಾ?”

ರುಕ್ಮಿಣಮ್ಮನವರು ಅವನ ಬೆನ್ನ ಮೇಲೆ ಕೈಯಿಟ್ಟರು. “ಗೊತ್ತಿಲ್ಲ ಕಂದ. ಅದನ್ನ ತಿಳಿಯೋಕೇ ಇವರನ್ನ ಕರ್ಕೊಂಡು ಹೋಗ್ತಾ ಇದ್ದೀನಿ.”

ಹೊರಗೆ ಬಸ್ಸು ಕೆಮ್ಮಿತು. ರುಕ್ಮಿಣಮ್ಮನವರು ಚೀಟಿಯ ಮೇಲೆ ‘ಕೆಂದಿ, ಹನಗೋಡು’ ಎಂದು ಬರೆದು ಅಂಟಿಸಿದರು. ಕೊಳವೆಯನ್ನು ಚಿಕ್ಕಣ್ಣನ ಕೈಗೆ ಕೊಟ್ಟರು. ಖಾಲಿ ಗೂಡಿನಲ್ಲಿ ಅದನ್ನು ಇಟ್ಟವನು ಅವನೇ. ಬಸ್ಸು ಹೊಗೆ ಕಕ್ಕುತ್ತ ಹುಣಸೂರಿನ ಕಡೆಗೆ ಹೋಯಿತು. ಪರೀಕ್ಷೆ ಬರೆಯಲು ಹೊರಟ ಕೆಂದಿಯ ಮಕ್ಕಳನ್ನು ಇಬ್ಬರೂ ರಸ್ತೆ ತಿರುಗುವವರೆಗೆ ನೋಡುತ್ತ ನಿಂತರು.

ಮನೆಯಲ್ಲಿ ಅಜ್ಜಿ ಮಜ್ಜಿಗೆ ಕಡೆದು ಇಟ್ಟಿದ್ದಳು. “ಏನೇ ಕಂಡೆ ಅಲ್ಲಿ?”

ಪುಟ್ಟಸಿದ್ದಿ ಗಡಿಗೆಯ ಅಂಚಿಗೆ ಅಂಟಿದ್ದ ಒಂದು ತೊಟ್ಟು ಮೊಸರನ್ನೇ ನೋಡುತ್ತ ಕೂತಳು. ಅಜ್ಜಿ ಚೊಂಬು ತುಂಬಿಸಿ ಮುಂದಿಟ್ಟಳು.

ಇವತ್ತು ಪುಟ್ಟಸಿದ್ದಿ ಕುಣಿಯಲಿಲ್ಲ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿನ ಮೇಲೇ ಕಣ್ಣಿಟ್ಟು, ಹೆಜ್ಜೆ ನೋಡಿ ನೋಡಿ ಇಟ್ಟಳು. ಚಿಕ್ಕಣ್ಣ ತನ್ನ ಮನೆಯ ಜಗುಲಿಯಿಂದ ಅದನ್ನು ಕಂಡ. ಬೇರೆ ದಿನವಾಗಿದ್ದರೆ ಅಣಕಿಸುತ್ತಿದ್ದ. ಇವತ್ತು ಅವನು ಎದ್ದು ಬಂದು, ದಾರಿಗೆ ಅಡ್ಡ ಇದ್ದ ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಬಾಗಿಲನ್ನು ಪೂರ್ತಿ ತೆರೆದು ಹಿಡಿದ. ಅವಳು ಒಳಗೆ ಹೋದಳು. ಒಂದು ತೊಟ್ಟೂ ಚೆಲ್ಲಲಿಲ್ಲ.