ಹಳೆಯ ಕೈಬರಹದ ಬುಧವಾರಗಳು

ಪ್ರತಿ ಸೋಮವಾರ ಬೆಳಿಗ್ಗೆ ಇತಿಹಾಸದ ಸಂಶೋಧನಾ ವಿದ್ಯಾರ್ಥಿಗಳಿಗೆಲ್ಲ ಲೈಬ್ರರಿಯಿಂದ ಒಂದು ಮೇಲ್ ಬರುತ್ತಿತ್ತು. ಮುನ್ನೂರು, ನಾನೂರು ವರ್ಷಗಳ ಹಿಂದಿನ ಕಾಲವನ್ನು ಓದುವವರಿಗೆ ಆ ವಾರ ಎಲ್ಲಿ ಉಪನ್ಯಾಸ, ಯಾವ ಹಳೆಯ ಭೂಪಟಗಳು ಆನ್‌ಲೈನ್‌ಗೆ ಬಂದಿವೆ, ಯಾವ ಫೆಲೋಶಿಪ್ಪಿಗೆ ಯಾವತ್ತು ಕೊನೆಯ ದಿನ, ಎಲ್ಲವೂ ಅದರಲ್ಲಿರುತ್ತಿತ್ತು. ಕೊನೆಗೆ ಬರೆದವರ ಸ್ವಂತ ಸಮಾಚಾರ ಒಂದಿಷ್ಟು. ‘ಏಣಿಯಿಂದ ಜಾರಿ ಮಂಡಿ ಊದಿಕೊಂಡಿದೆ. ಮೇಲಿನ ಶೆಲ್ಫಿನ ಪುಸ್ತಕ ಕೇಳುವವರು ದಯವಿಟ್ಟು ಕರುಣೆ ತೋರಬೇಕು’ ಎಂಬಂಥದ್ದು.

ಇಷ್ಟು ನಿಧಾನವಾಗಿ, ಇಷ್ಟು ಮರ್ಯಾದೆಯಿಂದ ಬರೆಯುವವರು ನಿವೃತ್ತಿಯ ಅಂಚಿನಲ್ಲಿರುವ ಹಿರಿಯರೇ ಇರಬೇಕೆಂದು ಆ ವಿದ್ಯಾರ್ಥಿಗಳಲ್ಲೊಬ್ಬಳಾದ ಅವಳು ತೀರ್ಮಾನಿಸಿಬಿಟ್ಟಿದ್ದಳು. ಕನಿಕರದಿಂದ ಉತ್ತರವನ್ನೂ ಬರೆದಳು: ‘ಸರ್, ಈ ವಯಸ್ಸಿನಲ್ಲಿ ಏಣಿ ಹತ್ತಬೇಡಿ. ನಮ್ಮ ಅಮ್ಮನಿಗೂ ಮಂಡಿನೋವು. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.’

ಮುಂದಿನ ವಾರ ಹಳೆಯ ಕಾಲದ ಶಾಯಿ ತಯಾರಿಸುವ ಕಾರ್ಯಾಗಾರವಿತ್ತು. ಅವಳು ಎಲ್ಲರಿಗಿಂತ ಮೊದಲೇ ಹೋದಳು. ಉದ್ದನೆಯ ಮೇಜಿನ ಮೇಲೆ ಒಬ್ಬ ಯುವಕ ಶಾಯಿಗೆ ಬೇಕಾದ ಮಾಚಿಕಾಯಿ ಪುಡಿಯ ಬಟ್ಟಲುಗಳನ್ನು ಜೋಡಿಸುತ್ತಿದ್ದ. ತೋಳು ಮಡಚಿದ ನೀಲಿ ಅಂಗಿ, ಕೆನ್ನೆಯ ಮೇಲೊಂದು ಮಸಿಯ ಕಲೆ.

“ಮೇಲ್ ಬರೀತಾರಲ್ಲ, ಆ ಲೈಬ್ರರಿಯನ್ ಸರ್ ಬಂದಿಲ್ವಾ?” ಎಂದು ಕೇಳಿದಳು.

“ಏನಾಗ್ಬೇಕಿತ್ತು?”

“ಏನಿಲ್ಲ, ಪಾಪ, ಅವರ ಮಂಡಿ ಹೇಗಿದೆ ಅಂತ.”

ಅವನು ಬಟ್ಟಲನ್ನು ಕೆಳಗಿಟ್ಟು ಮೆಲ್ಲಗೆ ತಲೆಯೆತ್ತಿದ. ಅವನ ಕಣ್ಣು ಮೊದಲು ನಕ್ಕಿತು, ತುಟಿ ಆಮೇಲೆ. “ವಾಸಿಯಾಗಿದೆ ಮೇಡಂ. ದಿನಾ ಶಾಖ ಕೊಟ್ಕೊಂಡೆ. ಈ ವಯಸ್ಸಲ್ಲಿ ಹುಷಾರಾಗಿರ್ಬೇಕು ನೋಡಿ.”

ಅವಳ ಮುಖ ಕೆಂಪೇರಿತು. ಆ ದಿನ ಅವಳು ಮಾಡಿದ ಶಾಯಿ ತೀರಾ ನೀರಾಗಿತ್ತು.

ಬುಧವಾರಗಳಂದು ಮಧ್ಯಾಹ್ನ ಅವನು ಹಳೆಯ ಕೈಬರಹ ಓದುವ ಗುಂಪೊಂದನ್ನು ನಡೆಸುತ್ತಿದ್ದ. ಅವಳ ಸಂಶೋಧನೆ ಮುನ್ನೂರು ವರ್ಷ ಹಿಂದಿನ ಸೂಲಗಿತ್ತಿಯರ ಮೇಲೆ. ಅವರು ಕೆಲಸಕ್ಕೆ ಪರವಾನಗಿ ಕೇಳಿ ಕೊಟ್ಟ ಅರ್ಜಿಗಳು ರಾಶಿ ರಾಶಿ ಇದ್ದರೂ ಆ ಬಳ್ಳಿಬಳ್ಳಿ ಅಕ್ಷರ ಒಂದೂ ಅವಳಿಗೆ ಒಲಿದಿರಲಿಲ್ಲ. ಅವಳೂ ಗುಂಪಿಗೆ ಸೇರಿದಳು. ಗುಂಪಿಗೆ ತಪ್ಪದೆ ಬರುತ್ತಿದ್ದ ಇನ್ನೊಬ್ಬರೆಂದರೆ ನಿವೃತ್ತ ಡಾಕ್ಟರ್ ಒಬ್ಬರು. “ನಾನು ಬರೀತಿದ್ದ ಚೀಟಿಗಿಂತ ಇದು ಎಷ್ಟೋ ವಾಸಿ” ಎನ್ನುತ್ತ ಸರಾಗವಾಗಿ ಓದುತ್ತಿದ್ದರು.

ಅವಳು ಎಡವಿದಲ್ಲಿ ಅವನು ಉತ್ತರ ಹೇಳಿಬಿಡುತ್ತಿರಲಿಲ್ಲ. ಪೆನ್ಸಿಲಿನ ಹಿಂತುದಿಯನ್ನು ಆ ಅಕ್ಷರದ ಹತ್ತಿರ ತಂದು ಸುಮ್ಮನೆ ಕಾಯುತ್ತಿದ್ದ. ಕೊನೆಗೆ ಪದ ಹೊಳೆದು ಅವಳು ತಲೆಯೆತ್ತಿದರೆ ಅವನು ಪುಟವನ್ನಲ್ಲ, ಅವಳನ್ನು ನೋಡುತ್ತಿರುತ್ತಿದ್ದ. ಸಿಕ್ಕಿಬಿದ್ದವನಂತೆ ಕನ್ನಡಕ ತೆಗೆದು ಒರೆಸುತ್ತಿದ್ದ. ಆ ಕನ್ನಡಕ ಅಷ್ಟು ಸ್ವಚ್ಛವಾಗಿ ಹಿಂದೆಂದೂ ಇರಲಿಲ್ಲವೆಂದು ಡಾಕ್ಟರು ಗೊಣಗಿದ್ದು ಇಬ್ಬರಿಗೂ ಕೇಳಿಸಿತು.

ಚಳಿಗಾಲ ಹೀಗೆ ಹಿತವಾಗಿ ಕಳೆಯಿತು. ಒಂದು ಬುಧವಾರ ಅವನು ಅವಳ ಮುಂದೆ ಫೆಲೋಶಿಪ್ಪಿನ ಪ್ರಕಟಣೆಯೊಂದನ್ನು ಇಟ್ಟ. ದೂರದೇಶದ ದೊಡ್ಡ ಪತ್ರಾಗಾರದಲ್ಲಿ ಒಂದು ವರ್ಷ.

“ಸೂಲಗಿತ್ತಿಯರ ಅರ್ಜಿಗಳು ಅಲ್ಲಿದ್ದಷ್ಟು ಇನ್ನೆಲ್ಲೂ ಇಲ್ಲ. ಶುಕ್ರವಾರ ಕೊನೇ ದಿನ. ಹಾಕ್ತೀರಲ್ಲ?”

ಅವಳು ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು. “ನನ್ನ ಕಳಿಸೋಕೆ ಇಷ್ಟೊಂದು ಅವಸರಾನಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು ಒಳಬಂದರು. ಅವನು ಬಾಯಿ ಮುಚ್ಚಿಕೊಂಡ.

ಅವಳು ಹಟಕ್ಕೆ ಬಿದ್ದು ಅರ್ಜಿ ಹಾಕಿದಳು. ಹಟಕ್ಕೆ ಹಾಕಿದ್ದೇ ಸಿಕ್ಕಿಬಿಟ್ಟಿತು. ಸುದ್ದಿ ಬಂದ ಬೆಳಿಗ್ಗೆ ಅಮ್ಮ ಖುಷಿಯಿಂದ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದರೆ ಇವಳು ಅಡುಗೆಮನೆಯ ಕಟ್ಟೆಗೆ ಒರಗಿ ಅಳುತ್ತಿದ್ದಳು. ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದ ಅಕ್ಕ ಬ್ಯಾಗನ್ನೂ ಇಳಿಸದೆ ನಿಂತು ನೋಡಿದಳು.

“ಆ ಲೈಬ್ರರಿಯವರಿಗೆ ಹೇಳಿದ್ಯಾ?”

“ಅವರಿಗೇನಂತೆ? ಅವರೇ ತಾನೆ ಕಳಿಸ್ತಿರೋದು.”

“ಮುನ್ನೂರು ವರ್ಷದ ಹಿಂದೆ ಸತ್ತವರ ಮನಸ್ಸಲ್ಲಿ ಏನಿತ್ತು ಅಂತ ಪುಟಗಟ್ಟಲೆ ಬರೀತೀಯ. ಎದುರಿಗಿರೋನನ್ನ ಒಂದು ಮಾತು ಕೇಳೋಕಾಗಲ್ವಾ ಕತ್ತೆ? ಎದ್ದೇಳು, ಮುಖ ತೊಳ್ಕೊ.”

ಅವಳು ಲೈಬ್ರರಿಗೆ ಹೋದಾಗ ಅವನು ವಾಚನಾಲಯದಲ್ಲಿ ಪುಸ್ತಕದ ಗಾಡಿ ತಳ್ಳುತ್ತಿದ್ದ. ತುಂಬಿದ ಕೋಣೆ, ಎಲ್ಲರ ತಲೆ ಪುಸ್ತಕದಲ್ಲಿ. ಅವಳು ಎದುರಿಗೆ ಹೋಗಿ ನಿಂತು ಪಿಸುಗುಟ್ಟಿದಳು. “ಫೆಲೋಶಿಪ್ ಸಿಕ್ತು.”

ಅವನ ಮುಖ ಮೊದಲು ಅರಳಿತು. ನಿಜವಾಗಿಯೇ ಅರಳಿತು, ಅದನ್ನು ಕಂಡು ಅವಳ ಕೋಪ ಅರ್ಧ ಇಳಿಯಿತು. ಆಮೇಲೆ ಅವನ ಕೈ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

“ನಾನು ಹೋಗೋದು ನಿಮಗೆ ಬೇಕಾ?”

“ನಿಮಗದು ಸಿಗೋದು ಬೇಕಿತ್ತು,” ಎಂದ ಅವನು ಅಷ್ಟೇ ಮೆಲ್ಲಗೆ. “ನೀವು ಹೋಗೋದು ಬೇಕಿರ್ಲಿಲ್ಲ. ಬೇಡ ಅಂತ ಅನ್ನಿಸ್ತಿದೆ ಅಂದಿದ್ರೆ ನೀವು ಅರ್ಜಿ ಹಾಕ್ತಿರ್ಲಿಲ್ಲವೇನೋ. ಅಷ್ಟು ಸ್ವಾರ್ಥಿ ಆಗೋಕೆ ಮನಸ್ಸು ಬರ್ಲಿಲ್ಲ. ಒಂದು ವರ್ಷ ಬಾಯಿ ಮುಚ್ಕೊಂಡಿದ್ದು, ನೀವು ವಾಪಸ್ ಬಂದ್ಮೇಲೆ ಕೇಳೋಣ ಅಂತಿದ್ದೆ.”

“ಏನನ್ನ?”

“ಇಲ್ಲಿ ಮಾತಾಡೋ ಹಾಗಿಲ್ಲ.”

“ನಿಯಮ ಹೇಳ್ಬೇಡ. ಕೇಳು.”

ಆ ‘ಕೇಳು’ ಅವನನ್ನು ಒಂದು ಕ್ಷಣ ಅಲ್ಲಾಡದಂತೆ ನಿಲ್ಲಿಸಿತು. ಅಷ್ಟು ದಿನ ಬಹುವಚನದಲ್ಲಿ ಮೇಜಿನ ಆಚೆ ಕೂತಿದ್ದವಳು ಈಗ ಒಂದೇ ಮಾತಿಗೆ ಈಚೆ ಬಂದಿದ್ದಳು.

“ನನ್ನ ಮದುವೆ ಆಗ್ತೀಯಾ?” ಎಂದ. ಗಾಬರಿಯಲ್ಲಿ ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿಬಿಟ್ಟಿತು. ಇಡೀ ವಾಚನಾಲಯ ತಲೆಯೆತ್ತಿತು. ಕಿಟಕಿಯ ಬಳಿ ಕೂತಿದ್ದ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟು “ಶ್!” ಎಂದರು. ಆಮೇಲೆ ಕುತೂಹಲ ತಡೆಯಲಾರದೆ, “ಉತ್ತರ ಹೇಳಮ್ಮ, ನಮಗೂ ಓದೋದಿದೆ” ಎಂದರು.

ಅವಳು ಹೌದೆಂದು ತಲೆಯಾಡಿಸಿದಳು. ಸಾಲದೆಂಬಂತೆ ಇನ್ನೊಮ್ಮೆ ಆಡಿಸಿದಳು.

ಹೊರಗೆ ಮೆಟ್ಟಿಲುಗಳ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಈಗ ಎಷ್ಟು ಗಟ್ಟಿಯಾಗಿಯಾದರೂ ಮಾತಾಡಬಹುದಿತ್ತು. ಅವನ ಕಿರುಬೆರಳು ಅವಳ ಕಿರುಬೆರಳನ್ನು ಹುಡುಕಿಕೊಂಡು ಬಂದು ಹಿಡಿದುಕೊಂಡಿತು.

“ಊಟ ಆಯ್ತಾ?” ಎಂದು ಕೇಳಿದ ಕೊನೆಗೆ.

“ಮದುವೆಗೆ ಒಪ್ಪಿದವಳನ್ನ ಕೇಳೋ ಮೊದಲ ಮಾತು ಇದಾ?”

“ಹಾಗಲ್ಲ. ನೀನು ಅರ್ಜಿ ಹಾಕಿದಾಗ್ಲಿಂದ ನನಗೆ ಊಟ ಸರಿಯಾಗಿ ಸೇರ್ತಿರ್ಲಿಲ್ಲ. ಈಗ ಸಿಕ್ಕಾಪಟ್ಟೆ ಹಸಿವಾಗ್ತಿದೆ.”

ಅವಳು ನಕ್ಕಳು. ತನಗೂ ಅಷ್ಟೇ ಹಸಿವಾಗಿರುವುದು ಅವಳಿಗೆ ಗೊತ್ತಾದದ್ದು ಆಗಲೇ. ಕೈ ಬಿಡದೆ ಇಬ್ಬರೂ ಕ್ಯಾಂಟೀನಿನ ಕಡೆಗೆ ಮೆಟ್ಟಿಲಿಳಿದರು.